ಲೋಟ ಇಟ್ಟ ಡಬ್ಬಿ

ಆ ಊರಿನ ಟಾಕೀಸಿನಲ್ಲಿ ಒಂದೇ ಒಂದು ಮಷೀನಿತ್ತು. ಬೇರೆ ಊರುಗಳಲ್ಲಿ ಎರಡಿರುತ್ತವಂತೆ. ಒಂದರ ರೀಲು ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗಿ, ನೋಡುವವರಿಗೆ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲವಂತೆ. ಇಲ್ಲಿ ಹಾಗಲ್ಲ. ರೀಲು ಮುಗಿದರೆ ಮುಗಿಯಿತು. ದೀಪ ಹತ್ತುತ್ತಿತ್ತು, ಜನ ಕಣ್ಣುಜ್ಜಿಕೊಂಡು ಪಕ್ಕದವರ ಮುಖ ನೋಡುತ್ತಿದ್ದರು, ಮೇಲಿನ ಕೋಣೆಯಲ್ಲಿ ಆಪರೇಟರ್ ಹಳೆಯ ರೀಲು ಇಳಿಸಿ ಹೊಸದನ್ನು ಏರಿಸುವ ತನಕ ಎಲ್ಲರಿಗೂ ಬಿಡುವು. ಹೊರಗಿನಿಂದ ಬಂದವರು ಇದನ್ನು ಕಂಡು ನಗುತ್ತಿದ್ದರು. ಊರಿನವರು ಮಾತ್ರ ಈ ಬಿಡುವಿಗೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಒಲೆಯ ಮೇಲೆ ಪಾತ್ರೆಯಿಟ್ಟು ಸಿನಿಮಾಕ್ಕೆ ಬಂದು, ನಡುವೆ ಓಡಿಹೋಗಿ ಇಳಿಸಿಟ್ಟು ಬರುವ ಗಟ್ಟಿಗಿತ್ತಿಯರೂ ಇದ್ದರು. ನಾಯಕ ಒಳ್ಳೆಯವನೋ ಕೆಟ್ಟವನೋ ಎಂಬ ಚರ್ಚೆ ಶುರುವಾಗಿ, ಮುಂದಿನ ರೀಲು ಬರುವಷ್ಟರಲ್ಲಿ ಅದು ಯಾರದೋ ಮನೆಯ ಕಾಂಪೌಂಡ್ ಗೋಡೆಯ ಜಗಳಕ್ಕೆ ಬಂದು ನಿಂತದ್ದೂ ಉಂಟು.

ಟೈಲರಮ್ಮ ಬದುಕುತ್ತಿದ್ದದ್ದೇ ಈ ಬಿಡುವುಗಳಲ್ಲಿ ಎಂದರೆ ಸ್ವಲ್ಪ ಹೆಚ್ಚಾಯಿತೇನೋ. ಆದರೆ ಸುಳ್ಳಲ್ಲ.

ಅವಳ ಅಂಗಡಿ ಟಾಕೀಸಿನ ಬೆನ್ನಿಗೇ ಅಂಟಿಕೊಂಡಿತ್ತು. ಮುಂದಿನ ಬಾಗಿಲು ಬೀದಿಗೆ, ಹಿಂದಿನ ಬಾಗಿಲು ಟಾಕೀಸಿನ ಹಿತ್ತಲಿಗೆ. ನಡುವೆ ಎರಡು ಹೊಲಿಗೆ ಮಷೀನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಇನ್ನೂ ತೋಳು ಕೂಡಿಸದ ಅಂಗಿಗಳ ಸಾಲು. ಕಿಟಕಿಯ ಬಳಿ ಸ್ಟೂಲು ಹಾಕಿಕೊಂಡು ಅವಳ ಚಿಕ್ಕಮ್ಮ ಕಾಜಾ ಹಾಕುತ್ತಾ ಕೂತಿರುತ್ತಿದ್ದಳು. ಗುಂಡಿ ತೂರುವ ಆ ಸಣ್ಣ ಸೀಳಿನ ಅಂಚನ್ನು ಕೈಯಿಂದ ಹೊಲಿಯುವುದರಲ್ಲಿ ಚಿಕ್ಕಮ್ಮನನ್ನು ಮೀರಿಸುವವರಿರಲಿಲ್ಲ, ಮಾತಿನಲ್ಲಂತೂ ಇರಲೇ ಇಲ್ಲ. ಗೋಡೆಯಾಚೆ ಸಿನಿಮಾ ನಡೆದರೆ ಈಚೆ ಅದರ ಮಾತೆಲ್ಲ ಕಂಬಳಿ ಹೊದ್ದವರು ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಟೈಲರಮ್ಮ ಹೀಗೆ ಕೇಳಿದ ಸಿನಿಮಾಗಳಿಗೆ ಲೆಕ್ಕವಿಲ್ಲ. ನೋಡಿದ್ದು ಕಡಿಮೆ. ಅರ್ಧ ತೋಳು ಕತ್ತರಿಸುತ್ತಾ ಯಾರೋ ಕಾಣದ ಹೆಣ್ಣು ನಕ್ಕದ್ದನ್ನು ಕೇಳಿ, ಅವಳು ಯಾವ ಬಣ್ಣದ ಬಟ್ಟೆ ಉಟ್ಟಿರಬಹುದು ಎಂದು ಕನಸು ಕಾಣುತ್ತಾ ಅವಳ ನಲವತ್ತನೆಯ ವರ್ಷವೂ ಸದ್ದಿಲ್ಲದೆ ದಾಟಿಹೋಗಿತ್ತು.

ಹಿತ್ತಲಿನಿಂದ ಕಬ್ಬಿಣದ ಮೆಟ್ಟಿಲು ಮೇಲೆ ಮಷೀನಿನ ಕೋಣೆಗೆ ಹೋಗುತ್ತಿತ್ತು. ಕೋಣೆ ಇಕ್ಕಟ್ಟು, ಒಳಗೆ ಕುಲುಮೆಯ ಸೆಕೆ. ಅದಕ್ಕೇ ಆಪರೇಟರ್ ಆಯಾ ದಿನದ ರೀಲುಗಳ ಡಬ್ಬಿಗಳನ್ನು ಹೊರಗೆ, ಮೆಟ್ಟಿಲ ತುದಿಯ ಉದ್ದನೆಯ ಕಲ್ಲುಕಟ್ಟೆಯ ಮೇಲೆ, ಎಡದಿಂದ ಬಲಕ್ಕೆ ಸಾಲಾಗಿ ಜೋಡಿಸಿಡುತ್ತಿದ್ದ. ಒಂದು ರೀಲು ಮುಗಿಯುವ ಹೊತ್ತನ್ನು ಟೈಲರಮ್ಮ ಗೋಡೆಯ ಸದ್ದಿನಿಂದಲೇ ಹಿಡಿಯುತ್ತಿದ್ದಳು. ಎರಡು ಲೋಟ ಟೀ ಹಿಡಿದು ಮೆಟ್ಟಿಲು ಹತ್ತಿ, ಅವನ ಲೋಟವನ್ನು ಸಾಲಿನಲ್ಲಿ ಮುಂದಿನ ಡಬ್ಬಿಯ ಮೇಲೆ ಇಟ್ಟು, ತನ್ನದನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು. ಆಪರೇಟರ್ ಬೆವರೊರೆಸಿಕೊಳ್ಳುತ್ತಾ ಹೊರಬಂದು ಟೀ ಕುಡಿಯುತ್ತಿದ್ದ. ಲೋಟ ಅವಳ ಕೈಗೆ, ಲೋಟದ ಕೆಳಗಿದ್ದ ಡಬ್ಬಿ ಅವನ ಕೈಗೆ. ಮತ್ತೆ ಒಳಗೆ.

ಇಷ್ಟೇ. ವರ್ಷಗಟ್ಟಲೆ ಇಷ್ಟೇ.

ಅಷ್ಟರಲ್ಲಿ ಏನು ಮಾತಾಡುತ್ತಿದ್ದರು ಅಂತೀರಾ? "ಇವತ್ತು ಜನ ಚೆನ್ನಾಗಿದಾರೆ." "ಹೌದು." "ಸಕ್ಕರೆ ಜಾಸ್ತಿಯಾಯ್ತಾ?" "ಇಲ್ಲ, ಸರಿಯಾಗಿದೆ." ಇಡೀ ಊರಿಗೆ ಗೊತ್ತಿದ್ದ ಸಂಗತಿ ಇವರಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ; ಗೊತ್ತಿದ್ದರೂ ಬಾಯಿಬಿಡುವ ಪೈಕಿ ಇಬ್ಬರೂ ಅಲ್ಲ. ಕೋಣೆಯ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ 'ಒಳಗೆ ಪ್ರವೇಶವಿಲ್ಲ' ಎಂದು ಬರೆದಿತ್ತು. ಅಳತೆಯ ಗೆರೆ ದಾಟಿ ಕತ್ತರಿ ಓಡಿಸದ ಹೆಂಗಸು ಟೈಲರಮ್ಮ. ಬರೆದದ್ದನ್ನು ಬರೆದ ಹಾಗೆಯೇ ಪಾಲಿಸಿದಳು. ಅವಳು ಬಾಗಿಲಲ್ಲೇ ನಿಲ್ಲುವುದನ್ನು ನೋಡಿ, ಬರಲು ಇಷ್ಟವಿಲ್ಲವೇನೋ ಎಂದುಕೊಂಡು ಅವನೂ ಕರೆಯಲಿಲ್ಲ. ಇಬ್ಬರು ಮರ್ಯಾದಸ್ಥರು ಸೇರಿದರೆ ಬಾಗಿಲು ತೆಗೆಯುವವರೇ ಇರುವುದಿಲ್ಲ.

ಇದೆಲ್ಲ ಶುರುವಾದದ್ದು ಒಂದು ಹರಿದ ಪರದೆಯಿಂದ. ಒಮ್ಮೆ ಯಾವುದೋ ಜಾದೂ ಪ್ರದರ್ಶನದವರು ಟಾಕೀಸನ್ನು ಬಾಡಿಗೆಗೆ ಹಿಡಿದು, ತಮ್ಮ ಏಣಿಯನ್ನು ಬೆಳ್ಳಿಪರದೆಗೆ ಚುಚ್ಚಿಸಿ, ಮೊಳದುದ್ದ ಹರಿದು ಹೋಗಿದ್ದರು. ಹೊಲಿಯಲು ಟೈಲರಮ್ಮನನ್ನು ಕರೆಸಿದರು. ಅವಳು ಏಣಿಯ ಮೇಲೆ, ಆಪರೇಟರ್ ಕೆಳಗೆ ಏಣಿ ಹಿಡಿದುಕೊಂಡು. ಬಿಸಿಲು ಇಳಿಯುವ ತನಕ ಕೆಲಸ ಹಿಡಿಯಿತು. ಅಷ್ಟು ಹೊತ್ತೂ ಅವನು ಒಂದು ಸಲವೂ ತಲೆ ಎತ್ತಿ ನೋಡಲಿಲ್ಲ. ಮೇಲಿರುವುದು ಹೆಣ್ಣು, ನೋಡಬಾರದು ಎಂದು ನೆಲದ ಮೇಲಿನ ಒಂದು ಕಡಲೆ ಸಿಪ್ಪೆಯನ್ನೇ ದಿಟ್ಟಿಸಿಕೊಂಡು ನಿಂತಿದ್ದ. ಏಣಿ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ಟೈಲರಮ್ಮನ ಮನಸ್ಸು ಜಾರಿದ್ದು ಅಂದೇ. ಗಾಬರಿಯಲ್ಲಿ ಅವಳ ಕೈಯಿಂದ ಸೂಜಿಯೂ ಜಾರಿ ಎಲ್ಲೋ ಬಿತ್ತು. ಯಾರ ಕಾಲಿಗೆ ಚುಚ್ಚುತ್ತದೋ ಎಂದು ವಾರಗಟ್ಟಲೆ ಪೇಚಾಡಿಕೊಂಡಳು. ಅಂದು ಇಳಿದು ಬಂದವಳೇ ಅವನಿಗೆ ಟೀ ತಂದುಕೊಟ್ಟಿದ್ದಳು. ಆ ಟೀ ಮುಗಿಯಲೇ ಇಲ್ಲ.

ಪರದೆಯ ಮೇಲೆ ಆ ಹೊಲಿಗೆ ಉಳಿದುಕೊಂಡಿತು. ಎಂಥ ದೊಡ್ಡ ಹೀರೋ ಬಂದರೂ ಎಡಭುಜದ ಮೇಲೆ ಸಣ್ಣದೊಂದು ಹೊಲಿಗೆ. "ನಮ್ಮೂರ ಟೈಲರಮ್ಮನ ಕೈ ತಾಗದೆ ಯಾವ ಹೀರೋನೂ ಪಾರಾಗೋದಿಲ್ಲ" ಎಂದು ಗೇಟು ಕಾಯುವ ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದ.

ಹೀಗಿರುವಾಗ ಹೊಸ ಮಷೀನಿನ ಸುದ್ದಿ ಬಂತು. ಅದಕ್ಕೆ ರೀಲೇ ಬೇಡವಂತೆ. ಒಮ್ಮೆ ಶುರುಮಾಡಿದರೆ ಕೊನೆಯ ತನಕ ತಾನೇ ಓಡುತ್ತದಂತೆ, ನಡುವೆ ಒಂದೇ ಒಂದು ಇಂಟರ್ವಲ್ಲು, ಅದೂ ಬೇಕಿದ್ದರೆ. ಟಾಕೀಸಿನ ಮಾಲೀಕರು ಸಂಭ್ರಮದಿಂದ ಬೋರ್ಡು ಬರೆಸಿದರು. ಹಳೆಯ ಮಷೀನಿನ ಕೊನೆಯ ಆಟ ಭಾನುವಾರ ಮಧ್ಯಾಹ್ನ. ಟಾಕೀಸು ಶುರುವಾದಾಗ ಮೊಟ್ಟಮೊದಲು ತೋರಿಸಿದ ಗಡಿಯಾರದ ಸಿನಿಮಾವನ್ನೇ ಅಂದು ಮತ್ತೆ ತೋರಿಸುವುದು.

"ಇನ್ನು ಬಿಡುವಿಲ್ಲ," ಎಂದಳು ಚಿಕ್ಕಮ್ಮ, ದಾರ ಕಚ್ಚಿ ತುಂಡರಿಸುತ್ತಾ. "ಬಿಡುವಿಲ್ಲ ಅಂದ್ರೆ ಟೀ ಇಲ್ಲ. ಟೀ ಇಲ್ಲ ಅಂದ್ರೆ ನೀನು ಮೆಟ್ಟಿಲು ಹತ್ತೋದಕ್ಕೆ ನೆಪ ಇಲ್ಲ."

"ಸುಮ್ನಿರು ಚಿಕ್ಕಮ್ಮ."

"ನಾನು ಸುಮ್ನಿರ್ತೀನಿ ಕಣೇ. ನೀನು ಸುಮ್ನಿದ್ದಿದ್ದೇ ಜಾಸ್ತಿಯಾಯ್ತು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ, ನಿಜ. ಆದ್ರೆ ಬಂಗಾರ ಬಂಗಾರ ಅಂತ ಪೆಟ್ಟಿಗೇಲಿ ಇಟ್ಕೊಂಡು ಕೂತ್ರೆ ಹಾಕ್ಕೊಳ್ಳೋದು ಯಾವಾಗ? ಮುದುಕಿಯಾದ ಮೇಲಾ? ಮುದುಕಿ ಅಂದ್ರೆ ನಾನು, ನನ್ನ ನೋಡಿ ಹೇಳು, ಚೆನ್ನಾಗಿರುತ್ತಾ?"

ಟೈಲರಮ್ಮ ಮಷೀನು ತುಳಿದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅವಳಿಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಆದರೆ ಬಾಯಿಬಿಟ್ಟು ಕೇಳಿ, ಅವನು "ಅಯ್ಯೋ, ನಾನು ಹಾಗೆಂದುಕೊಂಡಿರಲಿಲ್ಲ" ಎಂದುಬಿಟ್ಟರೆ? ಇರುವ ಟೀಯೂ ಹೋಯಿತು. ಈಗಂತೂ ಅದು ಹೇಗೂ ಹೋಗಲಿತ್ತು. ಅತ್ತ ದರಿ, ಇತ್ತ ಪುಲಿ.

ಭಾನುವಾರ ಟಾಕೀಸು ತುಂಬಿತು. ಚಿಕ್ಕಮ್ಮ ಊಟ ಮುಗಿಸಿ ಮುಂದಿನ ಸಾಲಿನಲ್ಲಿ ಜಾಗ ಹಿಡಿದಳು. ಟೈಲರಮ್ಮ ಅಂಗಡಿಯಲ್ಲೇ ಉಳಿದು ಟೀಗೆ ನೀರಿಟ್ಟಳು.

ಗಡಿಯಾರದ ಸಿನಿಮಾ ಕಪ್ಪುಬಿಳುಪಿನದು, ಎಂಟು ರೀಲು. ವರ್ಷಕ್ಕೊಮ್ಮೆಯಾದರೂ ಹಾಕುತ್ತಿದ್ದುದರಿಂದ ಕಥೆ ಊರಿಗೆಲ್ಲ ಬಾಯಿಪಾಠ. ಒಂದು ಪುಟ್ಟ ಊರು, ಅದರ ಗೋಪುರದ ಗಡಿಯಾರ ಕೆಟ್ಟು ನಿಂತಿದೆ. ಒಬ್ಬೊಬ್ಬರದು ಒಂದೊಂದು ಹೊತ್ತು. ಗಡಿಯಾರ ರಿಪೇರಿಯವನೊಬ್ಬ ಬಸ್ಸಿನಲ್ಲಿ ಬಂದಿಳಿಯುತ್ತಾನೆ. ಮೂರನೆಯ ರೀಲಿನಲ್ಲಿ ಅಂಚೆ ಕಚೇರಿಯ ಹುಡುಗಿಯ ಪರಿಚಯವಾಗುತ್ತದೆ: ಗೋಪುರಕ್ಕೆ ಏಣಿ ಹಾಕಿದವನು, ದಾರಿಯಲ್ಲಿ ಹೋಗುತ್ತಿದ್ದವಳನ್ನು ಕರೆದು, ಸ್ವಲ್ಪ ಏಣಿ ಹಿಡಿದುಕೊಳ್ಳಿ ಎನ್ನುತ್ತಾನೆ. ಗಡಿಯಾರ ಸರಿಯಾದರೆ ಇವನು ಹೊರಟುಹೋಗುತ್ತಾನಲ್ಲ ಎಂದು ಹುಡುಗಿ ಮೆಲ್ಲನೆ ಗೋಪುರ ಹತ್ತಿ ಹಲ್ಲುಚಕ್ರದಲ್ಲಿ ತನ್ನ ತಲೆಯ ಪಿನ್ನು ಸಿಕ್ಕಿಸಿ ಬರುತ್ತಾಳೆ. ಅವನು ಸರಿಮಾಡುವುದು, ಇವಳು ಕೆಡಿಸುವುದು. ಒಂದು ದಿನ ಪಿನ್ನು ಅವನ ಕೈಗೆ ಸಿಕ್ಕಿ, ನನ್ನ ಕೆಲಸಕ್ಕೆ ಅವಮಾನವಾಯಿತೆಂದು ಜಗಳವಾಡಿ, ಏಳನೆಯ ರೀಲಿನಲ್ಲಿ ಬಸ್ಸು ಹತ್ತುತ್ತಾನೆ. ಎಂಟನೆಯದರಲ್ಲಿ ಅವನ ಕೈಗಡಿಯಾರವೇ ನಿಂತುಹೋಗಿದೆ. ಬಿಚ್ಚಿ ನೋಡಿದರೆ ಒಳಗೊಂದು ಪಿನ್ನು. ನಕ್ಕು ಹಿಂದಿರುಗುತ್ತಾನೆ. ಗಡಿಯಾರದ ಕೆಳಗೆ ಮದುವೆ, ಬ್ಯಾಂಡು, ಶುಭಂ.

ಮೊದಲ ರೀಲು ಮುಗಿಯುವ ಹೊತ್ತಿಗೆ ಟೈಲರಮ್ಮ ಮೆಟ್ಟಿಲು ಹತ್ತಿ ಎರಡನೆಯ ಡಬ್ಬಿಯ ಮೇಲೆ ಲೋಟವಿಟ್ಟಳು. ಆಪರೇಟರ್ ಬಂದ. ಟೀ ಕುಡಿಯದೆ ಲೋಟವನ್ನು ಕೈಯಲ್ಲೇ ತಿರುಗಿಸಿದ.

"ನಾಡಿದ್ದು ಹೊರಡ್ತೀನಿ," ಎಂದ.

"ಎಲ್ಲಿಗೆ?"

"ತಮ್ಮನ ಊರಿಗೆ. ಅವನದೊಂದು ಫೋಟೋ ಸ್ಟುಡಿಯೋ ಇದೆ. ಕತ್ತಲೆ ಕೋಣೆ ಕೆಲಸಕ್ಕೆ ಜನ ಬೇಕಂತೆ. ನನಗೂ ಕತ್ತಲೇಲಿ ಇದ್ದೇ ರೂಢಿ."

"ಮಾಲೀಕರು ಇಲ್ಲೇ ಇರಿ ಅಂದ್ರಂತಲ್ಲ?"

"ಅಂದ್ರು. ಹೊಸ ಮಷೀನೂ ನೀವೇ ನೋಡ್ಕೊಳ್ಳಿ ಅಂದ್ರು." ಅವನು ಆಗ ತಲೆ ಎತ್ತಿ ಅವಳನ್ನೇ ನೋಡಿದ. ಏಣಿಯ ಕೆಳಗೂ ಎತ್ತದಿದ್ದ ತಲೆ ಅದು. "ಆದ್ರೆ ಇರೋದಕ್ಕೆ ಒಂದು ಕಾರಣ ಬೇಕಲ್ಲ, ಟೈಲರಮ್ಮ."

ಈಗ ಹೇಳಬೇಕಿತ್ತು. ಓದುವವರಿಗೂ ಗೊತ್ತು, ಅವಳಿಗೂ ಗೊತ್ತಾಯಿತು. ಹೇಳಬೇಕಾದ ಮಾತು ಗಂಟಲ ತನಕ ಬಂದು, ಬಾಯಿಂದ ಹೊರಬಿದ್ದದ್ದು ಇದು: "ಆ ಕಡೆ ಚಳಿ ಜಾಸ್ತಿ ಅಂತಾರೆ. ದಪ್ಪನೆ ಅಂಗಿ ಇದೆಯಾ?"

"ಇದೆ," ಎಂದ ಆಪರೇಟರ್. ಟೀಯನ್ನು ಒಂದೇ ಗುಟುಕಿಗೆ ಮುಗಿಸಿ, ಡಬ್ಬಿ ತೆಗೆದುಕೊಂಡು ಒಳಗೆ ಹೋದ.

ಎರಡನೆಯ ರೀಲಿನುದ್ದಕ್ಕೂ ಟೈಲರಮ್ಮ ತನ್ನನ್ನು ತಾನೇ ಬೈದುಕೊಂಡಳು. ದಪ್ಪನೆ ಅಂಗಿಯಂತೆ! ಅಂಗಡಿಗೆ ಬಂದ ಗಿರಾಕಿಯನ್ನು ಕೇಳಿದ ಹಾಗೆ! ಟೀ ಸೋಸಿದ್ದು ಯಾವಾಗ, ಮೆಟ್ಟಿಲು ಹತ್ತಿದ್ದು ಯಾವಾಗ, ಅವಳಿಗೆ ಪರಿವೆಯಿರಲಿಲ್ಲ. ಮೆಟ್ಟಿಲ ತುದಿಯಿಂದ, ಕಟ್ಟೆಯ ಬಲಗಡೆಯ ಕೊನೆಗೆ ಹೋಗಿ ನಿಂತರೆ, ಮನೆಗಳ ಮಾಡಿನಾಚೆ ಬಸ್ ನಿಲ್ದಾಣ ಕಾಣುತ್ತದೆ. ಅವಳು ಅಲ್ಲಿಗೆ ಹೋಗಿ ನಿಂತಳು. ನಿಂತಿದ್ದ ಒಂದು ಬಸ್ಸನ್ನು ನೋಡುತ್ತಾ, ಕೈಗೆ ಸಿಕ್ಕ ಡಬ್ಬಿಯ ಮೇಲೆ ಲೋಟವಿಟ್ಟಳು. ಆಪರೇಟರ್ ಬಂದ, ಅವನೂ ಬಸ್ಸನ್ನೇ ನೋಡುತ್ತಾ ಕುಡಿದ. ಲೋಟ ಅವಳ ಕೈಗೆ, ಡಬ್ಬಿ ಅವನ ಕೈಗೆ. 

ಅಂಗಡಿಗೆ ಬಂದು, ಗೋಡೆಯ ಮಾತಿಗೆ ಕಿವಿಗೊಡದೆ ಎರಡು ಅಂಗಿ ಇಸ್ತ್ರಿ ಮಾಡಿ, ಮೂರನೆಯದರ ಕಾಲರಿಗೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದಳಷ್ಟೆ. ಗೋಡೆಯಾಚೆ ಬ್ಯಾಂಡು ಶುರುವಾಯಿತು. ಮದುವೆಯ ಬ್ಯಾಂಡು.

ಟೈಲರಮ್ಮ ಕಣ್ಣು ಕಣ್ಣು ಬಿಟ್ಟಳು. ಹುಡುಗ ಈಗಷ್ಟೇ ಬಸ್ಸಿಳಿದಿದ್ದಾನೆ, ಹುಡುಗಿಯ ಮುಖವನ್ನೂ ನೋಡಿಲ್ಲ, ಆಗಲೇ ಮದುವೆ! ಟಾಕೀಸಿನೊಳಗೆ ಮೊದಲು ಸೂಜಿ ಬಿದ್ದರೂ ಕೇಳುವ ಮೌನ, ಆಮೇಲೆ ಯಾರೋ ಒಬ್ಬರ ಕಿಸಕ್ ನಗು, ಆಮೇಲೆ ಮಾಡು ಹಾರಿಹೋಗುವಂಥ ಗದ್ದಲ. ಕಾಲರು ಕಮರು ವಾಸನೆ ಹೊಡೆದಾಗಲೇ ಅವಳಿಗೆ ಎಚ್ಚರ. ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, ಕೈಗೆ ಸಿಕ್ಕ ಅವನ ಖಾಲಿ ಲೋಟ ಹಿಡಿದೇ ಮೆಟ್ಟಿಲಿನತ್ತ ಓಡಿದಳು. ಕಟ್ಟೆಯ ಎಡತುದಿಯಲ್ಲಿ ಮೂರನೆಯ ಡಬ್ಬಿ ಇಟ್ಟ ಹಾಗೇ ಕೂತಿತ್ತು. ಬಲತುದಿ ಖಾಲಿ.

ರೀಲು ಮುಗಿದು ಆಪರೇಟರ್ ಹೊರಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಇಷ್ಟು ವರ್ಷದಲ್ಲಿ ಒಂದು ರೀಲು ಹಿಂದೆಮುಂದೆ ಮಾಡಿದವನಲ್ಲ ನಾನು. ಕೊನೇ ಆಟದಲ್ಲಿ..." 

"ತಪ್ಪು ನಿಮ್ಮದಲ್ಲ," ಎಂದಳು ಟೈಲರಮ್ಮ. "ನಾನು ಲೋಟ ತಪ್ಪಿಟ್ಟೆ."

"ಲೋಟ?"

"ಆ ತುದೀಲಿಟ್ಟೆ. ನೀವು ಅದರ ಕೆಳಗಿದ್ದ ಡಬ್ಬಿ ತಗೊಂಡ್ರಿ."

ಅವನು ಕಟ್ಟೆಯನ್ನು ನೋಡಿದ. ಡಬ್ಬಿಗಳ ಮುಚ್ಚಳದ ಮೇಲೆ ದೊಡ್ಡ ದೊಡ್ಡ ಅಂಕಿಗಳಿದ್ದವು, ಕುರುಡನಿಗೂ ಕಾಣುವಷ್ಟು ದೊಡ್ಡವು. ಅವನ್ನು ಈಗ ಮೊದಲ ಸಲ ನೋಡುವವನ ಹಾಗೆ ನೋಡಿದ.

"ಹೌದಲ್ಲ," ಎಂದ ಮೆಲ್ಲಗೆ. "ನಾನು ನಂಬರು ನೋಡೋದು ಬಿಟ್ಟು ಯಾವ ಕಾಲವಾಯ್ತೋ. ಲೋಟ ಎಲ್ಲಿದೆಯೋ ಅದನ್ನೇ ಎತ್ಕೊಂಡು ಹೋಗ್ತಿದ್ದೆ."

 ಯಾರೂ ಯಾರಿಗೂ ಇದಕ್ಕಿಂತ ದೊಡ್ಡ ಮಾತು ಹೇಳಿದ್ದನ್ನು ಟೈಲರಮ್ಮ ಯಾವ ಸಿನಿಮಾದಲ್ಲೂ ಕೇಳಿರಲಿಲ್ಲ. ಆದರೆ ಅವನು ಅದನ್ನು ಮಾತೆಂದು ಹೇಳಿರಲಿಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿದ್ದ.

ಅಷ್ಟರಲ್ಲಿ ಗೇಟಿನ ಅಜ್ಜ ಏದುಸಿರು ಬಿಡುತ್ತಾ ಅರ್ಧ ಮೆಟ್ಟಿಲು ಹತ್ತಿ ಕಂಬಿ ಹಿಡಿದು ನಿಂತ. "ಆಪರೇಟ್ರೇ! ಒಳಗೆ ಪಂಚಾಯ್ತಿ ನಡೀತಿದೆ!"

"ಮಾಲೀಕರು ಬೈತಿದಾರಾ?"

"ಮಾಲೀಕರು ಹೊಟ್ಟೆ ಹಿಡ್ಕೊಂಡು ನಗ್ತಿದಾರೆ. ಜನ ಏನಂತಾರೆ ಅಂದ್ರೆ, ಮದುವೇನೇ ಆಗೋಯ್ತು, ಇನ್ನು ಪರಿಚಯ ಮಾಡ್ಕೊಂಡು ಏನು ಉಪಯೋಗ? ಮುಂದೆ ಸಂಸಾರ ತೋರ್ಸಿ ಅಂತ. ನಂದೂ ಅದೇ ಅಭಿಪ್ರಾಯ. ನಂಗೂ ಮದುವೆ ಆದ ಮೇಲೇ ಹೆಂಡ್ತಿ ಪರಿಚಯ ಆಗಿದ್ದು, ಇನ್ನೂ ಪೂರ್ತಿ ಆಗಿಲ್ಲ."

ಆಪರೇಟರ್ ಮೂರನೆಯ ಡಬ್ಬಿಯತ್ತ ಕೈ ಚಾಚಿದ್ದವನು ಅಲ್ಲೇ ನಿಂತ. ತೀರ್ಮಾನ ಯಾರದೆಂದು ತಿಳಿಯದೆ ಟೈಲರಮ್ಮನ ಕಡೆ ನೋಡಿದ. ಅವಳು ಅವನ ಲೋಟವನ್ನು ಎತ್ತಿ, ಸಾವಕಾಶವಾಗಿ, ನಾಲ್ಕನೆಯ ಡಬ್ಬಿಯ ಮೇಲಿಟ್ಟಳು.

"ಮೂರನೇದು ಕೊನೇಗಿರಲಿ," ಎಂದಳು.

ಆಮೇಲೆ ನಡೆದದ್ದನ್ನು ಆ ಊರಿನವರು ಇಂದಿಗೂ ಹೇಳಿಕೊಂಡು ನಗುತ್ತಾರೆ. ನಾಲ್ಕನೆಯ ರೀಲಿನಲ್ಲಿ ಹುಡುಗಿ ಪಿನ್ನು ಹಿಡಿದು ಗೋಪುರ ಹತ್ತಿದಾಗ, ಹಿಂದೆಲ್ಲ ಅದು ಪ್ರೇಮಿಯ ತುಂಟಾಟವಾಗಿತ್ತು. ಈಗ ಗಂಡನನ್ನು ಊರು ಬಿಡದ ಹಾಗೆ ಕಟ್ಟಿಹಾಕುವ ಹೆಂಡತಿಯ ಉಪಾಯವಾಯಿತು. ಹೆಂಗಸರು "ಸಿಕ್ಕಿಸು ಸಿಕ್ಕಿಸು, ಇನ್ನೊಂದು ಸಿಕ್ಕಿಸು" ಎಂದು ಕೂಗಿದರು. ಗಂಡಸರು ತಮ್ಮ ತಮ್ಮ ಕೈಗಡಿಯಾರ ಮುಟ್ಟಿ ನೋಡಿಕೊಂಡರು. ಜಗಳದ ರೀಲಿನಲ್ಲಿ ಇಡೀ ಟಾಕೀಸು ಎರಡು ಪಕ್ಷವಾಯಿತು. ಅದು ಗಂಡ ಹೆಂಡಿರ ಜಗಳವಲ್ಲವೇ. ಪ್ರತಿಯೊಬ್ಬರಿಗೂ ಅದರಲ್ಲಿ ಅನುಭವವಿತ್ತು. ಗೋಡೆಯೀಚೆ ಟೈಲರಮ್ಮ ಇಸ್ತ್ರಿಯ ಮೇಜಿಗೆ ಒರಗಿ ಕೇಳುತ್ತಿದ್ದಳು. ಸಾವಿರ ಸಲ ಕೇಳಿದ ಅವೇ ಮಾತುಗಳು ಇವತ್ತು ಹೊಸ ಬಟ್ಟೆ ಉಟ್ಟುಕೊಂಡು ಬಂದಂತಿದ್ದವು. ಕಿಟಕಿಯಿಂದ ಇಳಿಬಿಸಿಲು ಒಳಬಂದು ತೋಳಿಲ್ಲದ ಅಂಗಿಗಳ ಮೇಲೆ ಬಿದ್ದಿತ್ತು. ತಾನಿರುವುದು ಅಂಗಡಿಯಲ್ಲೋ ಸಿನಿಮಾದ ಆ ಊರಿನಲ್ಲೋ ಎಂದು ಅವಳಿಗೆ ಆಗಾಗ ಮರೆಯುತ್ತಿತ್ತು. ಪ್ರತಿ ಬಿಡುವಿನಲ್ಲೂ ಮೆಟ್ಟಿಲು ಹತ್ತಿದಳು, ಲೋಟವಿಟ್ಟಳು. ಅವನು ಕುಡಿದ, ಡಬ್ಬಿ ತೆಗೆದುಕೊಂಡ. ಕಟ್ಟೆಯ ಮೇಲಿನ ಸಾಲು ಸವೆಯುತ್ತಾ ಬಂತು.

ಏಳನೆಯ ರೀಲಿನಲ್ಲಿ ಅವನು ಬಸ್ಸು ಹತ್ತಿದ.

ಇಷ್ಟು ವರ್ಷ ಆ ದೃಶ್ಯಕ್ಕೆ ಯಾರೂ ಅತ್ತವರಲ್ಲ. ಮುಂದಿನ ರೀಲಿನಲ್ಲಿ ಬರುತ್ತಾನೆ ಬಿಡು ಎಂದು ಕಡಲೆ ಬಿಡಿಸುತ್ತಾ ಕೂತಿರುತ್ತಿದ್ದರು. ಇವತ್ತು ಹಿಂದಿರುಗುವ ರೀಲು ಆಗಲೇ ಖರ್ಚಾಗಿಹೋಗಿತ್ತು. ಮದುವೆಯಾದವನು, ಪಿನ್ನಿನ ಸಲುವಾಗಿ ಜಗಳವಾಡಿದವನು, ನಿಜವಾಗಿ ಹೊರಟುಹೋದ. ಟಾಕೀಸಿನಲ್ಲಿ ಕಡಲೆ ಬಿಡಿಸುವ ಕೈಗಳು ನಿಂತವು. ಬಸ್ಸಿನ ಸದ್ದು ಗೋಡೆಯನ್ನು ದಾಟಿ ಅಂಗಡಿಯೊಳಗೆ ಬಂದು, ಕ್ಷೀಣಿಸುತ್ತಾ ಕ್ಷೀಣಿಸುತ್ತಾ ಹೋಗಿ ನಿಂತಿತು. ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಡಿದ್ದು ಈ ಸದ್ದು ಗೋಡೆಯಿಲ್ಲದೆ ಕೇಳಲಿತ್ತು.

ಕೊನೆಯ ಬಿಡುವು. ಕಟ್ಟೆಯ ಮೇಲೆ ಒಂದೇ ಡಬ್ಬಿ ಉಳಿದಿತ್ತು. ಲೋಟ ಇಡಲು ಬೇರೆ ಜಾಗವಿರಲಿಲ್ಲ, ತಪ್ಪಲು ದಾರಿಯಿರಲಿಲ್ಲ.

"ಇದೇ ಕೊನೇದು," ಎಂದ ಆಪರೇಟರ್, ಲೋಟವನ್ನು ಅವಳ ಕೈಗೆ ಕೊಡುತ್ತಾ. ಟೀ ಬಗ್ಗೆ ಹೇಳಿದನೋ ರೀಲಿನ ಬಗ್ಗೆಯೋ, ಎರಡೂ ಒಂದೇ ಆಗಿತ್ತು. ಅವಳು ಲೋಟದ ಅಂಚನ್ನು ಸೆರಗಿನಿಂದ ಒರೆಸಿದಳು. ಅವನು ಇನ್ನೂ ಒಂದು ಗಳಿಗೆ ಕಾದ. ಆಮೇಲೆ ಡಬ್ಬಿಯನ್ನು ಎದೆಗವಚಿಕೊಂಡು ಒಳಗೆ ಹೋಗಿ ಬಾಗಿಲು ಎಳೆದುಕೊಂಡ.

ಟೈಲರಮ್ಮ ಎರಡು ಖಾಲಿ ಲೋಟ ಹಿಡಿದು ಬಾಗಿಲ ಮುಂದೆ ನಿಂತಳು. 'ಒಳಗೆ ಪ್ರವೇಶವಿಲ್ಲ.' ಕೆಂಪು ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದುಹೋಗಿತ್ತು. ಒಳಗೆ ಮಷೀನು ಗಿರಗುಟ್ಟತೊಡಗಿತು. ಕೆಳಗೆ ಟಾಕೀಸಿನಲ್ಲಿ ಹಾಡಿಲ್ಲದ, ಬ್ಯಾಂಡಿಲ್ಲದ, ಸಾದಾ ಬೆಳಗಿನ ಸದ್ದು: ಹಕ್ಕಿಗಳು, ಸೈಕಲ್ಲಿನ ಗಂಟೆ, ಗೋಪುರಕ್ಕೆ ಏಣಿ ಒರಗಿಸಿದ ಸದ್ದು. ಅವಳಿಗೆ ಒಮ್ಮೆಲೇ ಸಿಟ್ಟು ಬಂತು. ಅವನ ಮೇಲಲ್ಲ, ಬಾಗಿಲ ಮೇಲೆ, ತನ್ನ ಮರ್ಯಾದೆಯ ಮೇಲೆ, ದಪ್ಪನೆ ಅಂಗಿಯ ಮೇಲೆ. ಭುಜದಿಂದ ಬಾಗಿಲು ನೂಕಿದಳು. ಅದಕ್ಕೆ ಚಿಲಕವೇ ಇರಲಿಲ್ಲ.

ಒಳಗೆ ಎಣ್ಣೆಯ ವಾಸನೆ, ಬಿಸಿ, ಕತ್ತಲೆ. ಆ ಕತ್ತಲೆಯ ನಡುವೆ ಮಷೀನಿನ ಕಿಂಡಿಯಿಂದ ಹೊರಟ ಬೆಳಕು. ಆಪರೇಟರ್ ತಿರುಗಿ ನೋಡಿ ಗರಬಡಿದವನಂತೆ ನಿಂತ. ಬೆಳಕು ಹೊರಹೋಗುವ ಗಾಜಿನ ಕಿಂಡಿಗೊಂದು ಮರದ ಚೌಕಟ್ಟಿತ್ತು. ಅದರಲ್ಲಿ, ಅವನ ಕಣ್ಣಿನ ಮಟ್ಟಕ್ಕೆ, ಒಂದು ಸೂಜಿ ಚುಚ್ಚಿಟ್ಟಿತ್ತು. ಸೂಜಿಯ ಕಣ್ಣಿನಲ್ಲಿ ಗೇಣುದ್ದ ಬಿಳಿಯ ದಾರ, ಹೊಗೆ ತಾಗಿ ಹಳದಿಯಾದದ್ದು.

ತನ್ನ ಸೂಜಿಯನ್ನು ಗುರುತಿಸದ ಟೈಲರ್ ಇರುವುದಿಲ್ಲ.

"ನಾನು ಎಷ್ಟು ಹುಡುಕಿದೆ ಗೊತ್ತಾ ಇದನ್ನ?" ಎಂದಳು. 

"ಗೊತ್ತು. ಕೊಡೋಣ ಅಂತಲೇ ಎತ್ತಿಟ್ಟೆ. ಆಮೇಲೆ ಕೊಡೋಕೆ ಮನಸ್ಸಾಗಲಿಲ್ಲ." ಅವನು ತಲೆ ತಗ್ಗಿಸಿದ. "ಒಳಗೆ ಬರಲ್ಲ ಅಂದ್ಕೊಂಡಿದ್ದೆ ನೀವು."

"ಪ್ರವೇಶವಿಲ್ಲ ಅಂತ ಬರೆದಿದೆ."

"ಅದು ಊರವರಿಗೆ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನೀವು ಬಾಗಿಲಲ್ಲೇ ನಿಲ್ತಿದ್ರಿ. ನಾನೇನಂತ ಹೇಳಲಿ?"

ಕೆಳಗೆ ಪರದೆಯ ಮೇಲೆ, ಎಡಭುಜದಲ್ಲಿ ಹೊಲಿಗೆಯಿದ್ದ ಹುಡುಗ ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ದಾರಿಹೋಕಳನ್ನು ಕೂಗುತ್ತಿದ್ದ. ಮದುವೆಯಾಗಿ, ಜಗಳವಾಡಿ, ಬಿಟ್ಟುಹೋದವನು, ಏನೂ ಆಗಿಯೇ ಇಲ್ಲವೆಂಬಂತೆ, ಮತ್ತೆ ಹೊಸದಾಗಿ ಕೇಳುತ್ತಿದ್ದ: ರೀ, ಸ್ವಲ್ಪ ಏಣಿ ಹಿಡ್ಕೊತೀರಾ? ಹುಡುಗಿ ನಿಂತು, ಆ ಕಡೆ ಈ ಕಡೆ ನೋಡಿ, ಬಂದು ಹಿಡಿದುಕೊಂಡಳು. ಟಾಕೀಸಿನ ತುಂಬ ಒಂದು ನಿಟ್ಟುಸಿರು ಎದ್ದಿತು. ಅದು ಮೇಲಿನ ಕಿಂಡಿಯ ತನಕ ಕೇಳಿಸಿತು. ಟೈಲರಮ್ಮ ಗೋಡೆಯಾಚೆಯಿಂದಲೇ ಕೇಳಿದ್ದ ಆ ಹುಡುಗಿಯನ್ನು ಕಿಂಡಿಗೆ ಬಗ್ಗಿ ಮೊದಲ ಸಲ ಕಣ್ಣಾರೆ ನೋಡಿದಳು. ಅವಳು ಅಂದುಕೊಂಡದ್ದಕ್ಕಿಂತ ಸಾಧಾರಣ ಹುಡುಗಿ. ಕೈಗಳು ಮಾತ್ರ ಏಣಿಯನ್ನು ಗಟ್ಟಿಯಾಗಿ ಹಿಡಿದಿದ್ದವು.

ಅವಳು ಅದನ್ನೇ ನೋಡುತ್ತಾ ನಿಂತಳು. ಗಡಿಯಾರದವನು ಹತ್ತಿದ, ಇಳಿದ, ಹುಡುಗಿಯ ಹಿಂದೆ ಅಂಚೆ ಕಚೇರಿಗೆ ಹೋಗಿ ಬೇಡದ ಕಾರ್ಡು ಕೊಂಡ. ಆಪರೇಟರ್ ಪಕ್ಕದಲ್ಲೇ ನಿಂತಿದ್ದ. ರೀಲು ತೆಳ್ಳಗಾಗುತ್ತಾ ಬಂತು.

"ನನಗೆ ಮಾತು ಬರಲ್ಲ," ಎಂದಳು ಕೊನೆಗೆ, ಕಿಂಡಿಯಿಂದ ಕಣ್ಣು ತೆಗೆಯದೆ. "ಬಂದಿದ್ದೆಲ್ಲ ತಪ್ಪು ಮಾತೇ ಬರುತ್ತೆ. ಅದಕ್ಕೇ ಒಂದೇ ಸಲ ಹೇಳಿಬಿಡ್ತೀನಿ. ನೀವು ಹೋಗಬೇಡಿ. ಏಣಿ ಹಿಡ್ಕೊಂಡೋರು ನಡುವೆ ಕೈಬಿಟ್ಟು ಹೋದ್ರೆ ಮೇಲಿರೋರ ಗತಿ ಏನು? ಅವತ್ತಿಂದ ನಾನು ಇಳಿದೇ ಇಲ್ಲ. ಇರೋದಕ್ಕೆ ಕಾರಣ ಬೇಕು ಅಂದ್ರಲ್ಲ, ಇಷ್ಟು ಸಾಕಾ?"

ರೀಲು ಮುಗಿಯಿತು. ಬಾಲದ ಫಿಲಂ ಪಟಪಟನೆ ಬಡಿದುಕೊಳ್ಳುತ್ತಾ ತಿರುಗಿತು. ಮಷೀನು ನಿಲ್ಲಿಸಬೇಕು, ಕೆಳಗೆ ದೀಪ ಹಾಕಬೇಕು, ಆಪರೇಟರಿಗೆ ಎರಡೂ ಮರೆತುಹೋಗಿತ್ತು. ಅವನು ಅವಳ ಕಡೆ ಒಂದು ಹೆಜ್ಜೆ ಇಟ್ಟ.

ಕೆಳಗೆ ಕೂತಿದ್ದ ಊರಿಗೆಲ್ಲ ಕಂಡದ್ದು ಇಷ್ಟು: ಬರಿಯ ಬಿಳಿ ಪರದೆ, ಎಡಕ್ಕೊಂದು ಹೊಲಿಗೆ. ಆ ಬಿಳುಪಿನ ಅಂಚಿಗೆ ಎಲ್ಲಿಂದಲೋ ದೊಡ್ಡದೊಂದು ಕಪ್ಪು ನೆರಳು ಬಂತು, ಅದರ ಪಕ್ಕಕ್ಕೆ ಇನ್ನೊಂದು. ಎರಡೂ ಮಸುಕು, ಯಾವುದು ಯಾರ ತಲೆ ಎಂದು ಹೇಳುವಂತಿರಲಿಲ್ಲ. ಅದರಲ್ಲೊಂದು ಮೇಲೆ ಕೆಳಗೆ ಆಡಿತು. ಹೌದೆನ್ನುವ ಹಾಗೆ, ಒಂದು ಸಲವಲ್ಲ, ಸುಮಾರು ಸಲ.

ಗೇಟಿನ ಅಜ್ಜ ತಡವರಿಸಿಕೊಂಡು ಹೋಗಿ ತಾನೇ ದೀಪ ಹಾಕಿದ. ಯಾರೂ ಎದ್ದು ಹೋಗಲಿಲ್ಲ. ಮಾಲೀಕರು ಬಾಗಿಲಲ್ಲಿ ನಿಂತು "ಸಿನಿಮಾ ಮುಗೀತು, ಎಲ್ಲ ಮನೆಗೆ ಹೋಗಿ" ಎಂದು ಎರಡು ಸಲ ಕೂಗಿದರು.

"ನೀವು ಸುಮ್ನಿರಿ," ಎಂದಳು ಮುಂದಿನ ಸಾಲಿನಿಂದ ಚಿಕ್ಕಮ್ಮ, ಕಣ್ಣೊರೆಸಿಕೊಳ್ಳುತ್ತಾ. "ಇದು ಬಿಡುವು. ಮೇಲೆ ಟೀ ಕುಡೀತಿರಬೇಕು. ನಾವು ಕಾಯ್ತೀವಿ."